ಮೀನು ಬಿಡುವ ಮುನ್ನ ನೀರಿಗೆ ಒಂದು ತಿಂಗಳು

ಗಾಜಿನ ತೊಟ್ಟಿಯಲ್ಲಿ ಬಣ್ಣದ ಮೀನುಗಳನ್ನು ಸಾಕುವ ಹವ್ಯಾಸವು ಈಗ ದೊಡ್ಡ ನಗರಗಳ ಸೊತ್ತಾಗಿ ಉಳಿದಿಲ್ಲ. ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗಗಳಂಥ ಊರುಗಳಲ್ಲಿಯೂ ಪಡಸಾಲೆಯ ಮೂಲೆಯಲ್ಲಿ ಅಂಥ ತೊಟ್ಟಿಯೊಂದು ಕಾಣಸಿಗುತ್ತದೆ. ಹವ್ಯಾಸದ ಬೆನ್ನಿಗೇ ಒಂದು ದುಃಖವೂ ಬಂದಿದೆ. ತೊಟ್ಟಿಯನ್ನು ತಂದ ದಿನವೇ ಮೀನುಗಳನ್ನೂ ತರುತ್ತಾರೆ. ಮೂರು ನಾಲ್ಕು ದಿನ ಅವು ಚೆಲುವಾಗಿ ಈಜುತ್ತವೆ. ವಾರ ತುಂಬುವುದರೊಳಗೆ ಒಂದೊಂದಾಗಿ ಮೇಲೆ ಬಂದು ಬಾಯಿ ತೆರೆಯತೊಡಗುತ್ತವೆ. ಎರಡು ಮೂರು ವಾರಗಳಲ್ಲಿ ತೊಟ್ಟಿ ಬರಿದು. ಮನೆಯ ಹಿರಿಯರು ‘ನಮ್ಮ ಕೈಗುಣ ಒಳ್ಳೆಯದಲ್ಲ’ ಎಂದು ನಿಟ್ಟುಸಿರಿಡುತ್ತಾರೆ. ಅಂಗಡಿಯವನು ‘ನೀರನ್ನು ಸ್ವಚ್ಛವಾಗಿ ಇಟ್ಟಿರಲಿಲ್ಲ’ ಎನ್ನುತ್ತಾನೆ. ಈ ಎರಡು ವಿವರಣೆಗಳೂ ತಪ್ಪೆಂದೂ, ಎರಡನೆಯದಂತೂ ಸತ್ಯಕ್ಕೆ ತೀರ ವಿರುದ್ಧವೆಂದೂ ನಮ್ಮ ಅಭಿಪ್ರಾಯ. ಮೊದಲ ತಿಂಗಳಲ್ಲಿ ಸಾಯುವ ಮೀನುಗಳಲ್ಲಿ ಬಹಳಷ್ಟು ಸಾಯುವುದು ತೊಟ್ಟಿ ಹಳೆಯದಾಗಿ ಕೊಳಕಾಗಿದ್ದುದರಿಂದಲ್ಲ. ಅದು ತೀರ ಹೊಸದಾಗಿದ್ದುದರಿಂದ, ಮತ್ತೆ ಮತ್ತೆ ತಿಕ್ಕಿ ತೊಳೆಯಲ್ಪಟ್ಟುದರಿಂದ.

ಇದಕ್ಕೆ ಸಾಕ್ಷಿ ಬೇಕಾದರೆ ದೂರ ಹೋಗಬೇಕಾಗಿಲ್ಲ. ಸೊಳ್ಳೆಯ ಮರಿಗಳನ್ನು ತಿನ್ನಲೆಂದು ಆರೋಗ್ಯ ಇಲಾಖೆಯವರು ಬಾವಿಗಳಿಗೂ ಸಿಮೆಂಟಿನ ತೊಟ್ಟಿಗಳಿಗೂ ಗಪ್ಪಿ ಮೀನುಗಳನ್ನು ಬಿಡುತ್ತಾರಷ್ಟೆ. ಅಲ್ಲಿ ಪಂಪಿಲ್ಲ, ಫಿಲ್ಟರಿಲ್ಲ, ಅಂಗಡಿಯ ಔಷಧಿಯಿಲ್ಲ. ಗೋಡೆಗೆ ಹಸುರು ಪಾಚಿ ಹಿಡಿದಿರುತ್ತದೆ. ಬೆರಳಿನಿಂದ ಮುಟ್ಟಿದರೆ ಲೋಳೆ. ಆದರೂ ಗಪ್ಪಿಗಳು ಅಲ್ಲಿಯೇ ಮರಿ ಹಾಕಿ ಮನೆತನ ಬೆಳೆಸುತ್ತವೆ. ಇತ್ತ ಸ್ಫಟಿಕದಂತೆ ಹೊಳೆಯುವ ಗಾಜಿನ ತೊಟ್ಟಿಯಲ್ಲಿ ಅದೇ ಜಾತಿಯ ಮೀನು ಹತ್ತು ದಿನ ಬಾಳುವುದಿಲ್ಲ. ಭೇದವಿರುವುದು ಆ ಲೋಳೆಯಲ್ಲಿ. ನಾವು ಹೊಲಸೆಂದು ತಿಕ್ಕಿ ತೆಗೆಯುವ ಆ ತೆಳುವಾದ ಪದರವೇ ಮೀನಿನ ಪ್ರಾಣವನ್ನು ಕಾಯುವ ಕಾವಲುಗಾರ.

ಮೀನು ತನ್ನ ದೇಹದ ಕಶ್ಮಲವನ್ನು ಮುಖ್ಯವಾಗಿ ಅಮೋನಿಯಾದ ರೂಪದಲ್ಲಿ ಕಿವಿರುಗಳ ಮೂಲಕ ಹೊರಹಾಕುತ್ತದೆ. ತಿನ್ನದೆ ಉಳಿದ ಆಹಾರ ಕೊಳೆತಾಗಲೂ ಅಮೋನಿಯಾವೇ ಹುಟ್ಟುತ್ತದೆ. ಇದು ವಿಷ. ಹೊಳೆಯಲ್ಲಾದರೆ ಅದು ಅಪಾರ ಜಲರಾಶಿಯಲ್ಲಿ ಕರಗಿ ಹೋಗುತ್ತದೆ. ತೊಟ್ಟಿಯಲ್ಲಿ ಎಲ್ಲಿಗೆ ಹೋದೀತು? ಅದನ್ನು ಉಣ್ಣುವ ಸೂಕ್ಷ್ಮಜೀವಿಗಳಿವೆ. ಒಂದು ಗುಂಪು ಅಮೋನಿಯಾವನ್ನು ನೈಟ್ರೈಟನ್ನಾಗಿಯೂ, ಇನ್ನೊಂದು ಗುಂಪು ನೈಟ್ರೈಟನ್ನು ನೈಟ್ರೇಟನ್ನಾಗಿಯೂ ಮಾರ್ಪಡಿಸುತ್ತದೆ. ನೈಟ್ರೈಟೂ ವಿಷವೇ. ಅದು ರಕ್ತದ ಹಿಮೋಗ್ಲೋಬಿನ್ನಿನೊಡನೆ ಸೇರಿ ಅದಕ್ಕೆ ಆಮ್ಲಜನಕವನ್ನು ಹೊರುವ ಶಕ್ತಿಯೇ ಇಲ್ಲದಂತೆ ಮಾಡುತ್ತದೆ. ರಕ್ತ ಕಂದುಬಣ್ಣಕ್ಕೆ ತಿರುಗುತ್ತದೆ. ನೀರಿನಲ್ಲಿ ಗಾಳಿ ಸಾಕಷ್ಟಿದ್ದರೂ ಮೀನು ಮೇಲೆ ಬಂದು ಬಾಯಿ ತೆರೆಯುವುದಕ್ಕೆ ಇದೂ ಒಂದು ಕಾರಣ. ಕೊನೆಯ ಘಟ್ಟದ ನೈಟ್ರೇಟು ಮಾತ್ರ ಬಹುಮಟ್ಟಿಗೆ ಸೌಮ್ಯವಾದುದು. ಅದನ್ನು ಜಲಸಸ್ಯಗಳು ಹೀರುತ್ತವೆ, ಉಳಿದುದನ್ನು ವಾರಕ್ಕೊಮ್ಮೆ ಸ್ವಲ್ಪ ನೀರು ಬದಲಿಸಿ ತೆಗೆಯಬಹುದು.

ಈ ಎರಡು ಗುಂಪುಗಳು ತೊಟ್ಟಿಯಲ್ಲಿ ನೆಲೆಯೂರುವವರೆಗಿನ ಅವಧಿಯನ್ನು ಇಂಗ್ಲಿಷಿನ ಹವ್ಯಾಸಿಗಳು ‘ಸೈಕ್ಲಿಂಗ್’ ಎಂದು ಕರೆಯುತ್ತಾರೆ. (ಬೈಸಿಕಲ್ಲಿಗೂ ಇದಕ್ಕೂ ಸಂಬಂಧವಿಲ್ಲ.) ನಾವು ಅದನ್ನು ನೀರನ್ನು ಹದಕ್ಕೆ ತರುವುದು ಎನ್ನೋಣ. ಎರೆಹೊಲದ ರೈತನು ಮಳೆ ಬಿದ್ದೊಡನೆ ಬಿತ್ತುವುದಿಲ್ಲ. ಹದ ನೋಡಿ ಕೂರಿಗೆ ಹೂಡುತ್ತಾನೆ. ಅಷ್ಟು ತಾಳ್ಮೆ ಮೀನು ಸಾಕುವವನಿಗೂ ಬೇಕು.

ಈ ಜ್ಞಾನ ದೊರೆತ ಬಗೆಯಲ್ಲಿ ಒಂದು ಸ್ವಾರಸ್ಯವಿದೆ. ಲಂಡನ್ನಿನ ರಸಾಯನಶಾಸ್ತ್ರಜ್ಞ ರಾಬರ್ಟ್ ವಾರಿಂಗ್ಟನ್ನನು ಗಾಜಿನ ತೊಟ್ಟಿಯಲ್ಲಿ ಹೊನ್ನಮೀನುಗಳನ್ನೂ ನೀರುಗಿಡಗಳನ್ನೂ ಬಸವನಹುಳುಗಳನ್ನೂ ಕೂಡಿಸಿ ಇಟ್ಟು, ಪ್ರಾಣಿ ಸಸ್ಯಗಳ ನಡುವಣ ಸಮತೋಲವನ್ನು ಕುರಿತು ೧೮೫೦ರಲ್ಲಿ ಬರೆದನು. ಸಮತೋಲದ ಕೀರ್ತಿಯನ್ನೆಲ್ಲ ಅವನು ಗಿಡಗಳಿಗೂ ಬಸವನಹುಳುಗಳಿಗೂ ಕೊಟ್ಟನು. ತಂದೆಯ ಹೆಸರನ್ನೇ ಹೊತ್ತ ಅವನ ಮಗ ರಾಬರ್ಟ್ ವಾರಿಂಗ್ಟನ್ ಮುಂದೆ ಕೃಷಿ ರಸಾಯನಶಾಸ್ತ್ರಜ್ಞನಾಗಿ ರಾಥಮ್‌ಸ್ಟೆಡ್ಡಿನಲ್ಲಿ ಹೊಲದ ಮಣ್ಣನ್ನು ಪರೀಕ್ಷಿಸುತ್ತ, ಅಮೋನಿಯಾ ನೈಟ್ರೇಟಾಗುವ ಕ್ರಿಯೆ ಎರಡು ಹೆಜ್ಜೆಗಳಲ್ಲಿ ನಡೆಯುವುದೆಂದು ತೋರಿಸಿದನು. ತಂದೆಯ ತೊಟ್ಟಿಯಲ್ಲಿ ಗುಪ್ತವಾಗಿ ನಡೆದಿದ್ದ ಕೆಲಸವೂ ಅದೇ ಅಲ್ಲವೆ! ಆ ಜೀವಿಗಳನ್ನು ಬೇರ್ಪಡಿಸಿ ಬೆಳೆಸಿದ ಕೀರ್ತಿ ೧೮೯೦ರಲ್ಲಿ ರಷ್ಯದ ವಿನೊಗ್ರಾಡ್‌ಸ್ಕಿಗೆ ಸಂದಿತು. ತೊಟ್ಟಿಗಳಲ್ಲಿ ನೈಟ್ರೈಟನ್ನು ತಿನ್ನುವುದು ‘ನೈಟ್ರೊಬ್ಯಾಕ್ಟರ್’ ಎಂಬ ಜೀವಿಯೆಂದು ಬಹುಕಾಲ ಪುಸ್ತಕಗಳು ಹೇಳುತ್ತಿದ್ದವು. ೧೯೯೮ರಲ್ಲಿ ಪ್ರಕಟವಾದ ಸಂಶೋಧನೆಯು ಸಿಹಿನೀರಿನ ತೊಟ್ಟಿಗಳಲ್ಲಿ ಆ ಕೆಲಸ ‘ನೈಟ್ರೊಸ್ಪೈರಾ’ ಬಗೆಯ ಜೀವಿಗಳದೆಂದು ತೋರಿಸಿತು. ೨೦೧೫ರಲ್ಲಿಯಂತೂ ಎರಡು ಹೆಜ್ಜೆಗಳನ್ನೂ ತಾನೊಂದೇ ಮುಗಿಸಬಲ್ಲ ನೈಟ್ರೊಸ್ಪೈರಾ ದೊರೆಯಿತು. ಹಳೆಯ ಪಾಠವನ್ನು ಬಾಯಿಪಾಠ ಮಾಡುವವರು ಇದನ್ನು ಗಮನಿಸಬೇಕು.

ಇದೇ ಬಗೆಯ ಜೀವಿಗಳು ದನದ ಕೊಟ್ಟಿಗೆಯ ನೆಲದಲ್ಲಿಯೂ ಹಳೆಯ ಮಣ್ಣುಗೋಡೆಗಳಲ್ಲಿಯೂ ಕೆಲಸ ಮಾಡಿ ಪೆಟ್ಲುಪ್ಪನ್ನು ಕೂಡಿಡುತ್ತವೆ. ೧೮೨೪ರಲ್ಲಿ ರಾಣಿ ಚನ್ನಮ್ಮನ ಕಿತ್ತೂರಿನಲ್ಲಿ ಸಿಡಿದ ಮದ್ದಿಗೂ ಪೆಟ್ಲುಪ್ಪು ಬೇಕಾಗಿದ್ದಿತು. ಕೋಟೆಯನ್ನು ಕಾದ ಮದ್ದನ್ನೂ ಗಪ್ಪಿಯನ್ನು ಕಾಯುವ ನೀರನ್ನೂ ಒಂದೇ ಕುಲದವರು ಸಿದ್ಧಪಡಿಸುತ್ತಾರೆಂದರೆ ತಪ್ಪಾಗದು.

ಹದಕ್ಕೆ ತಿಂಗಳೇಕೆ ಬೇಕು? ಹಾಲಿಗೆ ಹೆಪ್ಪು ಹಾಕಿದರೆ ಬೆಳಗಾಗುವುದರೊಳಗೆ ಮೊಸರಾಗುತ್ತದೆ; ಮೊಸರಿನ ಜೀವಿಗಳು ಅಷ್ಟು ಬೇಗನೆ ಇಮ್ಮಡಿಯಾಗುತ್ತವೆ. ಆದರೆ ನೈಟ್ರೇಟನ್ನು ಮಾಡುವ ಜೀವಿಗಳು ಬಲು ನಿಧಾನದವು; ಅನುಕೂಲವಾದ ಸ್ಥಿತಿಯಲ್ಲಿಯೂ ಒಮ್ಮೆ ಇಮ್ಮಡಿಯಾಗಲು ಅವಕ್ಕೆ ಅರ್ಧ ದಿನವೋ ಒಂದು ದಿನವೋ, ಕೆಲವೊಮ್ಮೆ ಇನ್ನೂ ಹೆಚ್ಚೋ ಬೇಕು. ಗಣಿತ ಸುಲಭವಾಗಿದೆ. ದಿನಕ್ಕೊಮ್ಮೆ ಇಮ್ಮಡಿಯಾದರೆ ಹತ್ತು ದಿನಗಳಲ್ಲಿ ಸಾವಿರ ಪಟ್ಟು, ಇಪ್ಪತ್ತು ದಿನಗಳಲ್ಲಿ ಹತ್ತು ಲಕ್ಷ ಪಟ್ಟು. ಗಾಳಿಯಿಂದಲೋ ನೀರಿನಿಂದಲೋ ಬಂದು ಬಿದ್ದ ಬೆರಳೆಣಿಕೆಯ ಜೀವಿಗಳು ಮೀನುಗಳ ಕಶ್ಮಲವನ್ನೆಲ್ಲ ತೀರಿಸುವಷ್ಟು ಬೆಳೆಯಲು ಮೂರರಿಂದ ಆರು ವಾರ ಹಿಡಿಯುವುದು ಇದರಿಂದಲೇ. ಎರಡನೆಯ ಗುಂಪಿಗಂತೂ ಮೊದಲನೆಯದು ನೈಟ್ರೈಟನ್ನು ಉಣಬಡಿಸುವವರೆಗೆ ಊಟವೇ ಇಲ್ಲ. ಆದಕಾರಣ ಮೊದಲು ಅಮೋನಿಯಾ ಏರಿ ಇಳಿಯುತ್ತದೆ. ಅದು ಇಳಿಯುವಾಗ ನೈಟ್ರೈಟು ಏರುತ್ತದೆ. ಅದೂ ಇಳಿದ ಮೇಲೆ ನೈಟ್ರೇಟು ಮಾತ್ರ ಉಳಿಯುತ್ತದೆ. ಭೌತಶಾಸ್ತ್ರದ ವಿದ್ಯಾರ್ಥಿಗಳಿಗೆ ಇದು ವಿಕಿರಣಶೀಲ ಧಾತುಗಳ ಸರಣಿ ಕ್ಷಯವನ್ನು ನೆನಪಿಗೆ ತಂದೀತು. ಒಂದು ವ್ಯತ್ಯಾಸ ಮಾತ್ರ ಮುಖ್ಯವಾದುದು. ಅಲ್ಲಿ ಕ್ಷಯದ ದರ ಎಂದಿಗೂ ಬದಲಾಗದು. ಇಲ್ಲಿ ಕೆಲಸಗಾರರೇ ದಿನದಿನಕ್ಕೆ ಹೆಚ್ಚುತ್ತಾರೆ. ಅದರಿಂದಲೇ ಮೂರು ವಾರ ಏನೂ ಆಗದಂತೆ ತೋರಿದ ತೊಟ್ಟಿಯಲ್ಲಿ ನಾಲ್ಕೈದು ದಿನಗಳೊಳಗೆ ಎಲ್ಲವೂ ಥಟ್ಟನೆ ಸರಿಹೋಗುತ್ತದೆ.

ಇಲ್ಲಿಯವರೆಗಿನದು ಎಲ್ಲ ಊರಿಗೂ ಒಪ್ಪುವ ಮಾತು. ನಮ್ಮ ಭಾಗದವರು ವಿಶೇಷವಾಗಿ ಗಮನಿಸಬೇಕಾದ ವಿಷಯ ಬೇರೆಯೇ ಇದೆ.

ಅಮೋನಿಯಾವು ನೀರಿನಲ್ಲಿ ಎರಡು ವೇಷಗಳಲ್ಲಿ ಇರುತ್ತದೆ. ಜಲಜನಕದ ಅಯಾನೊಂದನ್ನು ಕೂಡಿಸಿಕೊಂಡು ಅಮೋನಿಯಮ್ ಅಯಾನಾಗಿರುವಾಗ ಅದು ಕಿವಿರನ್ನು ದಾಟಿ ಒಳನುಗ್ಗುವುದು ಕಷ್ಟ; ಹಾನಿ ಕಡಿಮೆ. ಬಿಡಿ ಅಮೋನಿಯಾ ಆಗಿರುವಾಗಲೇ ಕೊಲ್ಲುವ ವಿಷ. ಯಾವ ವೇಷದಲ್ಲಿ ಎಷ್ಟು ಎಂಬುದನ್ನು ನೀರಿನ ಪಿಎಚ್ ಮತ್ತು ಉಷ್ಣತೆ ನಿರ್ಧರಿಸುತ್ತವೆ. ನೀರು ೩೦ ಡಿಗ್ರಿ ಸೆಂಟಿಗ್ರೇಡಿನಲ್ಲಿ ಇದೆಯೆಂದುಕೊಳ್ಳಿ. ಪಿಎಚ್ ೭ ಆಗಿದ್ದರೆ ಒಟ್ಟು ಅಮೋನಿಯಾದಲ್ಲಿ ನೂರಕ್ಕೆ ಒಂದು ಭಾಗವೂ ಬಿಡಿಯಾಗಿರುವುದಿಲ್ಲ, ಸುಮಾರು ೦.೮ ಭಾಗ ಅಷ್ಟೆ. ಪಿಎಚ್ ೮ ಆದರೆ ೭ ಭಾಗಕ್ಕೂ ಮಿಗಿಲು. ೮.೫ ಆದರೆ ೨೦ ಭಾಗ! ಲೀಟರಿಗೆ ೦.೦೫ ಮಿಲಿಗ್ರಾಂ ಬಿಡಿ ಅಮೋನಿಯಾ ಇದ್ದರೆ ಸಾಕು, ಮೀನಿನ ಕಿವಿರಿಗೆ ಹಾನಿ ತಟ್ಟತೊಡಗುತ್ತದೆ. ಅಂದರೆ ಪಿಎಚ್ ೭ರ ನೀರಿನಲ್ಲಿ ಒಟ್ಟು ಅಮೋನಿಯಾ ಲೀಟರಿಗೆ ೬ ಮಿಲಿಗ್ರಾಂ ಮುಟ್ಟುವವರೆಗೂ ಈ ಗೆರೆ ದಾಟುವುದಿಲ್ಲ, ೮.೫ರ ನೀರಿನಲ್ಲಿ ಕಾಲು ಮಿಲಿಗ್ರಾಮಿಗೇ ದಾಟಿಬಿಡುತ್ತದೆ. ಒಂದೇ ಕಶ್ಮಲ, ಒಂದೇ ಮೀನು. ವಿಷದ ತೀಕ್ಷ್ಣತೆಯಲ್ಲಿ ಇಪ್ಪತ್ತೈದು ಪಟ್ಟು ಅಂತರ.

ಈಗ ನಮ್ಮ ನೀರನ್ನು ನೋಡೋಣ. ಕಿತ್ತೂರು ಮಲೆನಾಡಿನ ಸೆರಗಿಗೆ ಹತ್ತಿರ. ಮಳೆ ಅಲ್ಲಿ ಹೆಚ್ಚು. ಬೈಲಹೊಂಗಲವನ್ನು ಹಾದು ಪೂರ್ವಕ್ಕೆ ಸರಿದಂತೆ ಎರೆಭೂಮಿ ಹರಡುತ್ತದೆ, ಮಳೆ ಇಳಿಯುತ್ತದೆ. ಕಣಕುಂಬಿಯಲ್ಲಿ ಹುಟ್ಟಿದ ಮಲಪ್ರಭೆ ಸವದತ್ತಿಯ ಬಳಿ ನವಿಲುತೀರ್ಥದಲ್ಲಿ ಕಲ್ಲುಬೆಟ್ಟವನ್ನು ಸೀಳಿ ಹೊರಡುತ್ತಾಳೆ. ಆ ಕಂಡಿಗೇ ಅಣೆಕಟ್ಟು ಕಟ್ಟಿ ರೇಣುಕಾಸಾಗರವನ್ನು ನಿಲ್ಲಿಸಿದ್ದಾರೆ. ಭೂವಿಜ್ಞಾನಿಗಳು ಕಲಾದಗಿ ಶಿಲಾವರ್ಗದ ಎರಡು ಭಾಗಗಳಿಗೆ ಸವದತ್ತಿ, ರಾಮದುರ್ಗಗಳ ಹೆಸರನ್ನೇ ಇಟ್ಟಿರುವುದು ನಮ್ಮ ವಿದ್ಯಾರ್ಥಿಗಳಲ್ಲಿ ಎಷ್ಟು ಮಂದಿಗೆ ತಿಳಿದಿದೆಯೋ! ಅದೇ ಶಿಲಾವರ್ಗದಲ್ಲಿ ಸುಣ್ಣದಕಲ್ಲೂ ಇದೆ. ಇಂಥ ನೆಲದಲ್ಲಿ ಹೊಳೆಯ ನೀರೊಂದು ಬಗೆ, ಕೊಳವೆಬಾವಿಯ ನೀರೊಂದು ಬಗೆ. ಒಂದು ಬಾವಿಯಂತೆ ಪಕ್ಕದ ಬಾವಿ ಇರದು. ಬೇಳೆ ಬೇಯದ, ಸಾಬೂನು ನೊರೆಗಟ್ಟದ, ಕಾಯಿಸಿದ ಹಂಡೆಗೆ ಬಿಳಿಯ ಪದರ ಕಟ್ಟುವ ಸವುಳು ನೀರು ಎಂಥದೆಂದು ನಮ್ಮ ತಾಯಂದಿರಿಗೆ ಹೇಳಿಕೊಡಬೇಕಾಗಿಲ್ಲ. ಅಂಥ ನೀರು ಸಾಮಾನ್ಯವಾಗಿ ಕ್ಷಾರಗುಣದ್ದು. ಬೇಸಗೆಯ ಬಿಸಿಯೂ ಅದಕ್ಕೆ ಕೂಡಿಕೊಂಡರೆ ಹೊಸ ತೊಟ್ಟಿಯ ಅಮೋನಿಯಾ ಕತ್ತಿಯಾಗುತ್ತದೆ. ಮೆದುನೀರಿನ ಸೀಮೆಗಳಲ್ಲಿ ಬರೆದ ಕೈಪಿಡಿಗಳು ‘ಗಟ್ಟಿಮುಟ್ಟಾದ ಎರಡು ಮೀನು ಬಿಟ್ಟು ಹದ ಮಾಡಿರಿ’ ಎನ್ನುತ್ತವೆ. ನಮ್ಮ ಸವುಳು ನೀರಿನಲ್ಲಿ ಆ ಸಲಹೆ ಆ ಎರಡು ಮೀನುಗಳಿಗೆ ಮರಣಶಾಸನವಾದೀತು. ಇದನ್ನು ನಾವು ಖಂಡಿತವಾಗಿ ವಿರೋಧಿಸುತ್ತೇವೆ.

ಒಂದು ಲೆಕ್ಕ ಮಾಡೋಣ. ಎರಡಡಿ ಉದ್ದ, ಒಂದಡಿ ಅಗಲ, ಒಂದಡಿ ಎತ್ತರದ ತೊಟ್ಟಿಯಲ್ಲಿ ಸುಮಾರು ೫೦ ಲೀಟರು ನೀರಿರುತ್ತದೆ. ಮೀನಿನ ಆಹಾರದಲ್ಲಿ ನೂರಕ್ಕೆ ೪೦ ಭಾಗ ಪ್ರೋಟೀನು, ಪ್ರೋಟೀನಿನಲ್ಲಿ ನೂರಕ್ಕೆ ೧೬ ಭಾಗ ಸಾರಜನಕ ಎಂದು ಹಿಡಿದರೆ, ಒಂದು ಗ್ರಾಂ ಆಹಾರದಲ್ಲಿ ೬೪ ಮಿಲಿಗ್ರಾಂ ಸಾರಜನಕ. ಮನೆಯ ಮಕ್ಕಳು ಪ್ರೀತಿಯಿಂದ ಸುರಿದ ಆ ಒಂದು ಗ್ರಾಂ ಕೊಳೆತರೆ ಲೀಟರಿಗೆ ೧.೨೮ ಮಿಲಿಗ್ರಾಂ. ಪಿಎಚ್ ೮.೫ರಲ್ಲಿ ಅದರ ಐದನೆಯ ಒಂದು ಭಾಗ ಬಿಡಿ ಅಮೋನಿಯಾ, ಅಂದರೆ ಅಪಾಯದ ಗೆರೆಯ ಐದು ಪಟ್ಟು. ಒಂದೇ ಒಂದು ಚಿಟಿಕೆಯ ಫಲ ಇದು! ಇನ್ನು ಅಷ್ಟು ಸಾರಜನಕವನ್ನು ನೈಟ್ರೇಟಾಗಿಸಲು ಪ್ರತಿ ಮಿಲಿಗ್ರಾಮಿಗೆ ಸುಮಾರು ೪.೬ ಮಿಲಿಗ್ರಾಂ ಆಮ್ಲಜನಕ ಬೇಕು. ಲೀಟರಿಗೆ ಸುಮಾರು ೬ ಮಿಲಿಗ್ರಾಂ ಆಯಿತು. ೩೦ ಡಿಗ್ರಿಯ ನೀರು ಸಮುದ್ರಮಟ್ಟದಲ್ಲಿ ಹಿಡಿದಿಡಬಲ್ಲುದು ೭.೫ ಮಿಲಿಗ್ರಾಂ ಮಾತ್ರ. ಆರೇಳುನೂರು ಮೀಟರಿನ ಎತ್ತರದಲ್ಲಿರುವ ನಮ್ಮ ಊರುಗಳಲ್ಲಿ ಅದಕ್ಕೂ ತುಸು ಕಡಿಮೆ. ಆದ್ದರಿಂದ ಗಾಳಿಯ ಪಂಪು ಅಲಂಕಾರದ ವಸ್ತುವಲ್ಲ. ಬೇಸಗೆಯಲ್ಲಿ ವಿದ್ಯುತ್ತು ಗಂಟೆಗಟ್ಟಲೆ ಹೋದಾಗ ಚೊಂಬಿನಿಂದ ನೀರನ್ನು ಎತ್ತಿ ಎತ್ತಿ ಸುರಿಯುವುದು ಹಾಸ್ಯಾಸ್ಪದವೂ ಅಲ್ಲ.

ಸವುಳು ನೀರನ್ನು ಬರಿಯ ಶತ್ರುವೆಂದು ತಿಳಿಯುವುದೂ ಸರಿಯಲ್ಲ. ಅಮೋನಿಯಾ ನೈಟ್ರೇಟಾಗುವಾಗ ಆಮ್ಲ ಹುಟ್ಟುತ್ತದೆ. ಒಂದು ಮಿಲಿಗ್ರಾಂ ಸಾರಜನಕಕ್ಕೆ ಸುಣ್ಣದ ಲೆಕ್ಕದಲ್ಲಿ ಸುಮಾರು ೭ ಮಿಲಿಗ್ರಾಂ ಕ್ಷಾರತ್ವ ಖರ್ಚಾಗುತ್ತದೆ. ಮೇಲೆ ಹೇಳಿದ ಒಂದು ಗ್ರಾಂ ಆಹಾರ ಲೀಟರಿಗೆ ೯ ಮಿಲಿಗ್ರಾಂ ಕ್ಷಾರತ್ವವನ್ನು ತಿಂದುಹಾಕುತ್ತದೆ. ಲೀಟರಿಗೆ ೩೦೦ ಮಿಲಿಗ್ರಾಂ ಇರುವ ಬಾವಿಯ ನೀರು ಇದನ್ನು ಲಕ್ಷಿಸುವುದಿಲ್ಲ. ಆದರೆ ಮಾಳಿಗೆಯಿಂದ ಹಿಡಿದ ಮಳೆನೀರನ್ನು ತುಂಬಿದ ತೊಟ್ಟಿಯಲ್ಲಿ ಪಿಎಚ್ ಕೆಲವೇ ದಿನಗಳಲ್ಲಿ ಕುಸಿಯುತ್ತದೆ, ಜೀವಿಗಳು ಕೆಲಸ ನಿಲ್ಲಿಸುತ್ತವೆ, ಹದ ಅರ್ಧಕ್ಕೆ ನಿಲ್ಲುತ್ತದೆ. ಎರಡನ್ನೂ ಬೆರಸಿ ಬಳಸುವುದು ನಮ್ಮ ಸೀಮೆಗೆ ತಕ್ಕ ಉಪಾಯವೆಂದು ತೋರುತ್ತದೆ. ಕೊಳವೆಬಾವಿಯ ನೀರಿನ ಪಿಎಚ್ಚನ್ನು ಹಿಡಿದ ಗಳಿಗೆಯಲ್ಲಿಯೇ ನೋಡಿ ಮೋಸಹೋಗಬಾರದು. ಅದರಲ್ಲಿ ಕರಗಿರುವ ಇಂಗಾಲದ ಡೈಆಕ್ಸೈಡು ಹಾರಿಹೋದ ಮೇಲೆ ಪಿಎಚ್ ಏರುತ್ತದೆ. ಒಂದು ದಿನ ತೆರೆದಿಟ್ಟು ಅಳೆಯಬೇಕು.

ಹದಕ್ಕೆ ತರುವ ಕ್ರಮ ಕಠಿನವಾದುದಲ್ಲ. ತೊಟ್ಟಿಗೆ ಮರಳು, ನೀರು, ಫಿಲ್ಟರಿನ ಸ್ಪಂಜು, ಗಾಳಿಯ ಪಂಪು ಎಲ್ಲವನ್ನೂ ಹೂಡಬೇಕು. ನಲ್ಲಿಯ ನೀರಾದರೆ ಅದರಲ್ಲಿ ಕ್ಲೋರಿನ್ ಇರುತ್ತದೆ. ಕುಡಿಯುವ ನೀರಿನ ಭಾರತೀಯ ಮಾನಕವು ಲೀಟರಿಗೆ ಕನಿಷ್ಠ ೦.೨ ಮಿಲಿಗ್ರಾಂ ಉಳಿದಿರಬೇಕೆಂದು ಹೇಳುತ್ತದೆ. ರೋಗಾಣುಗಳನ್ನು ಕೊಲ್ಲುವ ಕ್ಲೋರಿನ್ ನಮ್ಮ ಕೆಲಸಗಾರರನ್ನು ಬಿಟ್ಟೀತೆ? ಬಕೆಟ್ಟಿನಲ್ಲಿ ಒಂದು ಹಗಲು ಒಂದು ರಾತ್ರಿ ತೆರೆದಿಡಬೇಕು, ಇಲ್ಲವೆ ಛಾಯಾಚಿತ್ರಕಾರರು ಬಳಸುತ್ತಿದ್ದ ಹೈಪೋವಿನ ಒಂದೆರಡು ಹರಳು ಹಾಕಬೇಕು. ಆಮೇಲೆ ಮೀನಿಲ್ಲದ ಆ ತೊಟ್ಟಿಗೆ ಅಮೋನಿಯಾವನ್ನು ನಾವೇ ಒದಗಿಸಬೇಕು. ಮನೆಯಲ್ಲಾದರೆ ದಿನಕ್ಕೊಂದು ಸಣ್ಣ ಚಿಟಿಕೆ ಮೀನಿನ ಆಹಾರ ಸಾಕು. ಕಾಲೇಜಿನಲ್ಲಾದರೆ ರಸಾಯನಶಾಸ್ತ್ರದ ಕಪಾಟಿನಲ್ಲಿ ಅಮೋನಿಯಮ್ ಕ್ಲೋರೈಡು ಇದ್ದೇ ಇರುತ್ತದೆ. ೫೦ ಲೀಟರಿಗೆ ೦.೩೮ ಗ್ರಾಂ ತೂಗಿ ಹಾಕಿದರೆ ಲೀಟರಿಗೆ ೨ ಮಿಲಿಗ್ರಾಂ ಸಾರಜನಕವಾಗುತ್ತದೆ. ಹಳೆಯ ತೊಟ್ಟಿಯುಳ್ಳ ಗೆಳೆಯನಿದ್ದರೆ ಅವನಿಂದ ಹೆಪ್ಪು ತನ್ನಿರಿ. ಅವನ ಫಿಲ್ಟರಿನ ಸ್ಪಂಜಿನ ಒಂದು ತುಂಡು, ಒಂದು ಹಿಡಿ ಮರಳು. ಅವನ ತೊಟ್ಟಿಯಲ್ಲಿ ಮೀನಿಗೆ ರೋಗವಿಲ್ಲವೆಂದು ಮೊದಲು ಕೇಳಿಕೊಳ್ಳಿ. ಹೆಪ್ಪಿದ್ದರೆ ತಿಂಗಳ ಕೆಲಸ ಒಂದೆರಡು ವಾರಕ್ಕೆ ಇಳಿಯುವುದುಂಟು. ಅಳೆಯದೆ ಮಾತ್ರ ಏನೂ ತಿಳಿಯದು. ಬಣ್ಣ ನೋಡಿ ಹೇಳುವ ಪರೀಕ್ಷಾದ್ರವಗಳು ಈಗ ದೊರೆಯುತ್ತವೆ. ಹಾಕಿದ ಅಮೋನಿಯಾವೂ ಅದರಿಂದ ಹುಟ್ಟಿದ ನೈಟ್ರೈಟೂ ಒಂದು ದಿನದೊಳಗೆ ಸೊನ್ನೆಗೆ ಇಳಿದರೆ ಹದ ಬಂದಿತು. ಕೂಡಿದ ನೈಟ್ರೇಟು ಹೋಗುವಂತೆ ಬಹುಪಾಲು ನೀರನ್ನು ಬದಲಿಸಿ ಅಂದು ಮೀನು ಬಿಡಬಹುದು, ಅದೂ ಒಂದೆರಡನ್ನು ಮೊದಲು.

ಈಗಾಗಲೇ ಮೀನು ಬಿಟ್ಟಾಗಿದ್ದರೆ? ಎರಡು ದಿನಕ್ಕೊಮ್ಮೆ ಒಂದು ತುತ್ತಿಗಿಂತ ಹೆಚ್ಚು ಹಾಕಬಾರದು. ದಿನವೂ ಕಾಲುಭಾಗ, ಪರೀಕ್ಷೆಯಲ್ಲಿ ಅಮೋನಿಯಾ ಕಂಡರೆ ಮೂರನೆಯ ಒಂದು ಭಾಗ ನೀರನ್ನು ಕ್ಲೋರಿನ್ ಕಳೆದ ನೀರಿನಿಂದ ಬದಲಿಸಬೇಕು. ನೈಟ್ರೈಟು ಏರಿದಾಗ ನಮ್ಮ ಅಡಿಗೆಮನೆಯ ಉಪ್ಪೇ ಔಷಧಿ; ಉಪ್ಪಿನ ಕ್ಲೋರೈಡು ಕಿವಿರಿನ ಬಾಗಿಲಲ್ಲಿ ನೈಟ್ರೈಟಿಗೆ ಅಡ್ಡ ನಿಲ್ಲುತ್ತದೆ. ಲೀಟರಿಗೆ ಅರ್ಧ ಗ್ರಾಂ ಕರಗಿಸಿ ಹಾಕಿದರೆ ಸಾಕು. ಸ್ಪಂಜನ್ನು ನಲ್ಲಿಯ ಕೆಳಗೆ ಹಿಂಡಿ ಬೆಳ್ಳಗೆ ಮಾಡುವ ಚಪಲವನ್ನಂತೂ ಬಿಡಬೇಕು. ಕೊಳೆ ಹೆಚ್ಚಿದರೆ ತೊಟ್ಟಿಯದೇ ನೀರಿನಲ್ಲಿ ಒಮ್ಮೆ ಅದ್ದಿ ತೆಗೆದರಾಯಿತು.

ಮೀನು ಸತ್ತರೆ ಇನ್ನೆರಡು ತಂದರಾಯಿತು, ಇಷ್ಟೆಲ್ಲ ಏಕೆ ಎಂದು ಕೇಳುವವರಿದ್ದಾರೆ. ಜೀವವನ್ನು ರೂಪಾಯಿಯಿಂದ ಅಳೆಯುವವರೊಡನೆ ನಮಗೆ ವಾದವಿಲ್ಲ. ಆದರೆ ವಿದ್ಯಾರ್ಥಿಗಳು ಇನ್ನೊಂದು ಕಾರಣವನ್ನೂ ಯೋಚಿಸಲಿ. ತಿಳಿಯಾದ ನೀರೆಲ್ಲ ಶುದ್ಧ ನೀರೆಂಬ ನಂಬಿಕೆ ಗಾಜಿನ ತೊಟ್ಟಿಯಲ್ಲಿ ಮೀನನ್ನು ಕೊಲ್ಲುತ್ತದೆ. ಬಾವಿಯ ದಂಡೆಯ ಮೇಲೆ ಮನುಷ್ಯನಿಗೂ ಕೇಡು ಮಾಡಬಲ್ಲುದು. ಗೊಬ್ಬರ ಹೆಚ್ಚಿ ಸುರಿದ ಹೊಲಗಳ ನಡುವಣ ಬಾವಿಗೆ, ಕೊಟ್ಟಿಗೆಯ ಬದಿಯ ಬಾವಿಗೆ ನೈಟ್ರೇಟು ಇಳಿಯುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ; ಕಾಯಿಸಿದರೆ ಹೋಗದು, ನೀರು ಆವಿಯಾದಷ್ಟೂ ಸಾಂದ್ರತೆ ಹೆಚ್ಚುವುದೇ ಸರಿ. ಕುಡಿಯುವ ನೀರಿನಲ್ಲಿ ಲೀಟರಿಗೆ ೪೫ ಮಿಲಿಗ್ರಾಮಿನ ಮಿತಿಯನ್ನು ಮಾನಕವು ಹಾಕಿರುವುದು ಮುಖ್ಯವಾಗಿ ಹಸುಗೂಸುಗಳಿಗಾಗಿ; ಅವುಗಳ ದೇಹದಲ್ಲಿ ನೈಟ್ರೇಟು ನೈಟ್ರೈಟಾಗಿ, ಮೀನಿನ ರಕ್ತಕ್ಕೆ ಆದದ್ದೇ ಮಗುವಿನ ರಕ್ತಕ್ಕೂ ಆಗುತ್ತದೆ. ಮೀನಿನ ತೊಟ್ಟಿಗೆಂದು ತಂದ ಪರೀಕ್ಷಾದ್ರವದಿಂದ ಮನೆಯ ಬಾವಿಯನ್ನೂ ಒಮ್ಮೆ ನೋಡಬಹುದು. ಬಣ್ಣ ಗಾಢವಾಗಿ ಬಂದರೆ ಪ್ರಯೋಗಾಲಯದಲ್ಲಿ ನಿಖರವಾಗಿ ಪರೀಕ್ಷೆ ಮಾಡಿಸಬೇಕು.

ಆದುದರಿಂದ ನಮ್ಮ ಸೂಚನೆ ಎರಡು. ಅಂಗಡಿಗಳವರು ತೊಟ್ಟಿಯನ್ನು ಇಂದು ಮಾರಲಿ, ಮೀನನ್ನು ಮುಂದಿನ ತಿಂಗಳು ಮಾರಲಿ. ಮೊದಲ ಮೀನೇ ಬದುಕಿದ ಗಿರಾಕಿ ಎರಡನೆಯ ತೊಟ್ಟಿಗೂ ಬರುತ್ತಾನೆ. ಶಾಲೆ ಕಾಲೇಜುಗಳ ವಿಜ್ಞಾನ ಪ್ರದರ್ಶನಕ್ಕೆ ಎರಡು ದಿನ ಮುಂಚೆ ತೊಟ್ಟಿ ತುಂಬಿ ಮೀನು ಬಿಡುವ ಪದ್ಧತಿಯೂ ನಿಲ್ಲಲಿ. ಅದರ ಬದಲು ಮೀನಿಲ್ಲದ ತೊಟ್ಟಿಯನ್ನೇ ಪ್ರದರ್ಶನಕ್ಕಿಡಬಹುದು. ಪಕ್ಕದಲ್ಲಿ ದಿನದಿನದ ಅಳತೆಯ ನಕ್ಷೆಯಿರಲಿ. ಈ ನಾಲ್ಕು ಊರುಗಳ ವಿದ್ಯಾರ್ಥಿಗಳು ಮುಂಗಾರು ಹಿಡಿದ ಮೇಲೆ ಒಂದೇ ದಿನ, ಒಂದೇ ಅಳತೆಯ ತೊಟ್ಟಿಗಳನ್ನು, ತಮ್ಮ ತಮ್ಮ ಊರಿನ ನೀರಿನಿಂದ ತುಂಬಿ, ಹೆಪ್ಪು ಹಾಕದೆ, ೦.೩೮ ಗ್ರಾಮಿನಿಂದ ಆರಂಭಿಸಲಿ. ಪಿಎಚ್, ಉಷ್ಣತೆ, ಅಮೋನಿಯಾ, ನೈಟ್ರೈಟುಗಳನ್ನು ಬೆಳಿಗ್ಗೆ ಒಂದೇ ಹೊತ್ತಿಗೆ ಬರೆದಿಟ್ಟು ಆರು ವಾರಗಳ ಮೇಲೆ ಪರಸ್ಪರ ಹೋಲಿಸಲಿ. ಕಿತ್ತೂರಿನವರು ಮಳೆನೀರಿನ ತೊಟ್ಟಿಯೊಂದನ್ನು ಹೆಚ್ಚಿಗೆ ಇಟ್ಟರೆ ಒಳ್ಳೆಯದು. ಅದರಲ್ಲಿ ಪಿಎಚ್ ಯಾವ ದಿನ ಕುಸಿಯಿತು, ಕುಸಿದ ಮೇಲೆ ನೈಟ್ರೈಟಿನ ಗೆರೆ ಎಲ್ಲಿ ನಿಂತಿತು ಎಂಬುದನ್ನು ರಾಮದುರ್ಗದ ಸವುಳು ನೀರಿನ ಗೆರೆಯ ಪಕ್ಕದಲ್ಲಿಟ್ಟು ನೋಡಬೇಕಾಗಿದೆ.